ಹಳೆಯ ವಿಳಾಸಕ್ಕೆ ಬಂದವರು

ಬಂದವರಿಗೆಲ್ಲ ಎಡಗೈ ಎತ್ತಿ, "ಅತ್ತಿಗೆ ಬಲಗಡೆ ಕೋಣೇಲಿದ್ದಾರೆ" ಎಂದು ದಾರಿ ತೋರಿಸುತ್ತಿದ್ದಳು ತಂಗಿ. ಬೆಳಗಿನಿಂದ ಅದೇ ಕೆಲಸ. ಅಣ್ಣನ ದೇಹ ನಡುಮನೆಯಲ್ಲಿತ್ತು, ಸ್ಮಶಾನಕ್ಕೆ ಒಯ್ಯುವ ವ್ಯಾನು ಇನ್ನೂ ಬಂದಿರಲಿಲ್ಲ. ಅಳುವುದಕ್ಕೂ ಅವಳಿಗೆ ಪುರುಸೊತ್ತಾಗಿರಲಿಲ್ಲ.

ಅಣ್ಣನ ಜೊತೆ ಜಾಲತಾಣ ನೋಡಿಕೊಳ್ಳುತ್ತಿದ್ದ ಕನ್ನಡಕದವನು ಮಾತ್ರ ಒಳಗೆ ಹೋಗದೆ ಅಲ್ಲೇ ನಿಂತ. ಸತ್ತವರನ್ನು ಹೊಗಳುವುದಕ್ಕೆ ಯಾರಪ್ಪನ ಗಂಟೂ ಹೋಗುವುದಿಲ್ಲ ನಿಜ, ಆದರೆ ಇವನು ಮನಸ್ಸಿಟ್ಟೇ ಹೇಳಿದ.

"ಒಂದು ಲಿಂಕೂ ಕೆಡೋದಕ್ಕೆ ಬಿಟ್ಟೋರಲ್ಲ ಅವರು. ನಿಮ್ಮ ಹೊಲಿಗೆ ಪಾಠಗಳನ್ನೇ ನೋಡಿ. ಹಳೇ ವಿಳಾಸ ಒತ್ತಿದ್ರೆ ಈಗಲೂ ನೆಟ್ಟಗೆ ನಿಮ್ಮ ಅತ್ತಿಗೆ ಪುಟಕ್ಕೆ ಹೋಗುತ್ತೆ."

ತಂಗಿಯ ಕೈ ಗಾಳಿಯಲ್ಲೇ ನಿಂತಿತು. ಆ ಪಾಠಗಳು ಅಳಿಸಿಹೋಗಿ ವರ್ಷಗಳೇ ಆಗಿದ್ದವಲ್ಲ!

*

ಅವಳು ಹೊಲಿಗೆ ಪಾಠ ಬರೆಯುತ್ತಿದ್ದ ತನ್ನ ತಾಣವನ್ನು ಹೊಸ ತಂತ್ರಾಂಶಕ್ಕೆ ಸಾಗಿಸುವ ಮೊದಲು ಅಣ್ಣ ಅವಳ ಹೊಲಿಗೆ ಯಂತ್ರದ ಪಕ್ಕ ಕೂತು ವಿವರಿಸಿದ್ದ. ಪುಟಗಳ ವಿಳಾಸ ಬದಲಾಗುತ್ತದೆ. ಹಳೆಯದನ್ನು ಹುಡುಕಿಕೊಂಡು ಬಂದವರನ್ನು ಅವರಿಗೆ ಗೊತ್ತೇ ಆಗದಂತೆ ಹೊಸ ಜಾಗಕ್ಕೆ ಕಳಿಸಬೇಕು. ರೀಡೈರೆಕ್ಟ್ ಅಂದರೆ ಅದೇ.

"ಮನೆ ಬಿಟ್ಟೋರು ಹಳೇ ಬಾಗಿಲಿಗೆ ಚೀಟಿ ಅಂಟಿಸಿದ ಹಾಗೆ ಕಣೆ. ಓದೋರು ದಾರಿ ತಪ್ಪಬಾರದು."

ಕೆಲವು ವಾರಗಳಾದ ಮೇಲೆ ಮುಖ ಸಣ್ಣದು ಮಾಡಿಕೊಂಡು ಬಂದ. ಸಾಗಿಸುವಾಗ ಅವಳ ಪಾಠಗಳಷ್ಟೂ ಅಳಿಸಿಹೋದವಂತೆ. ಅವನ ಕಣ್ಣಲ್ಲಿ ನೀರು ಕಂಡು, ಹೋದರೆ ಹೋಗಲಿ ಬಿಡಣ್ಣ ಎಂದು ಅವಳೇ ಸಮಾಧಾನ ಹೇಳಿ ಟೀ ಮಾಡಿಕೊಟ್ಟಿದ್ದಳು. ಮತ್ತೆ ಬರೆಯುವ ಮನಸ್ಸು ಮಾತ್ರ ಆಮೇಲೆ ಬರಲಿಲ್ಲ.

*

ಅಡುಗೆಮನೆಗೆ ಹೋಗಿ ಮೊಬೈಲಿನಲ್ಲಿ ಹಳೆಯ ವಿಳಾಸ ಒತ್ತಿದಳು. ಅದು ಇನ್ನೂ ಬಾಯಿಪಾಠವಾಗಿತ್ತು. ಪರದೆ ಒಮ್ಮೆ ಬೆಳ್ಳಗಾಗಿ ಅತ್ತಿಗೆಯ ನಗುಮುಖ ಬಂತು. ಕೆಳಗೆ ತಂಗಿಯದೇ ಮಾತು, ಒಂದಕ್ಷರ ಬಿಡದೆ: ‘ನಾನು ಎಡಚಿ. ಹಾಗಾಗಿ ಬಟ್ಟೆಯ ಮಡಿಕೆ ಬಲಗಡೆ ಬರುವಂತೆ ಹಾಸಿಕೊಳ್ಳುತ್ತೇನೆ.’

ಅತ್ತಿಗೆ ಎಡಗೈಯಲ್ಲಿ ಒಂದು ಲೋಟ ಎತ್ತಿದವಳೂ ಅಲ್ಲ. ಕದ್ದವನು ಅಷ್ಟನ್ನಾದರೂ ತಿದ್ದಬಾರದಿತ್ತೇ? ಹೆಣವಾಗಿ ಮಲಗಿದ ಅಣ್ಣನ ಮೇಲೆ ಅವಳಿಗೆ ಮೈಯೆಲ್ಲ ಉರಿಯುವಷ್ಟು ಸಿಟ್ಟು ಬಂತು.

ನೇರವಾಗಿ ಕೋಣೆಗೆ ಹೋಗಿ ಅತ್ತಿಗೆಯ ಮುಂದೆ ಮೊಬೈಲು ಹಿಡಿದಳು. ಅತ್ತಿಗೆ ಕಣ್ಣೊರೆಸಿಕೊಂಡು ನೋಡಿದಳು, ಅರ್ಥವಾಗದವಳಂತೆ ಇವಳ ಮುಖವನ್ನೂ ನೋಡಿದಳು.

"ನೀನೇ ಕೊಟ್ಟಿದ್ದಲ್ವಾ? ನನ್ನ ಹೊಲಿಗೆ ಕ್ಲಾಸಿಗೆ ಹೆಸರು ಬರ್ಲಿ ಅಂತ ನೀನೇ ಬಿಟ್ಟುಕೊಟ್ಟೆ ಅಂದಿದ್ರು ನಿಮ್ಮಣ್ಣ. ಆ ಮಾತು ಎತ್ತಿದ್ರೆ ನಿಂಗೆ ಮುಜುಗರ ಆಗುತ್ತೆ, ಸುಮ್ನಿರು ಅಂದಿದ್ರು."

ತಂಗಿಗೆ ಬೈಯುವುದಕ್ಕೂ ಯಾರೂ ಉಳಿಯಲಿಲ್ಲ. ಇಬ್ಬರೂ ನಡುಮನೆಯತ್ತ ನೋಡಿದರು. ಉತ್ತರ ಹೇಳಬೇಕಾದವನು ಕಣ್ಣು ಮುಚ್ಚಿ ಮಲಗಿದ್ದ.

ಬಾಗಿಲಲ್ಲಿ ಯಾರೋ ಬಂದ ಸದ್ದಾಯಿತು. ತಂಗಿ ಹೊರಗೆ ಹೋದಳು. ಗುರುತಿಲ್ಲದ ಹೆಂಗಸೊಬ್ಬಳು ಹೂ ಹಿಡಿದು ಹಿಂಜರಿಯುತ್ತಾ ನಿಂತಿದ್ದಳು.

"ಹೊಲಿಗೆ ಪಾಠ ಬರೀತಿದ್ರಲ್ಲ, ಅವರನ್ನ ನೋಡ್ಬೇಕಿತ್ತು."

ಬೆಳಗಿನಿಂದ ರೂಢಿಯಾಗಿದ್ದ ಎಡಗೈ ತಾನಾಗಿಯೇ ಬಲಗಡೆಯ ಕೋಣೆಯತ್ತ ಎದ್ದಿತು. ತಂಗಿ ಅದನ್ನು ಅರ್ಧದಲ್ಲೇ ತಡೆದು, ನಿಧಾನವಾಗಿ ಮಡಚಿ, ತನ್ನ ಎದೆಯ ಮೇಲೆ ಇಟ್ಟುಕೊಂಡಳು.