ಬಿಡು ಅಂದದ್ದು ಯಾರಿಗೆ

ಮಾವ ಅಳಿಯ ಮಾತು ಬಿಟ್ಟರೆ ನಡುವೆ ಸಿಕ್ಕಿ ಒದ್ದಾಡುವುದು ಯಾರು? ನಾನೇ. ಒಬ್ಬರು ನನ್ನಪ್ಪ, ಇನ್ನೊಬ್ಬರು ನನ್ನ ಗಂಡ. ಅಪ್ಪ ಇನ್ನು ನಮ್ಮ ಜೊತೆಗೇ ಇರಲಿ ಎಂದು ಹಿಂದಿನ ಕೋಣೆಗೊಂದು ಬಚ್ಚಲು ಮಾಡಿಸಿದ್ದೆವು. ಅಲ್ಲಿಗೆ ಅಟ್ಟದ ಮೂಲಕ ನೀರು ತರಲು ಇವರು ಬಳುಕುವ ಪ್ಲಾಸ್ಟಿಕ್ ಪೈಪು ತಂದರು, ಬಿಸಿನೀರಿಗೆ ಕೆಂಪು, ತಣ್ಣೀರಿಗೆ ನೀಲಿ. ಅಪ್ಪ ಅದನ್ನು ಹಿಸುಕಿ ನೋಡಿ, ಇದೇನು ಆಟದ ಸಾಮಾನೇ, ನೀರಿಗೆ ಕಬ್ಬಿಣವೇ ಸೈ ಎಂದರು. ಕಬ್ಬಿಣಕ್ಕೆ ತುಕ್ಕು ಹಿಡಿಯುತ್ತದೆ, ಕೆಲವರ ತಲೆಗೂ ಹಿಡಿಯುತ್ತದೆ ಎಂದು ಇವರು ಗೋಡೆಗೆ ಹೇಳಿದರು. ಅಷ್ಟೇ. ಅಪ್ಪ ಬ್ಯಾಗು ತುಂಬಿ ಬಾಗಿಲ ಬಳಿ ಇಟ್ಟರು. ಸಂಜೆ ನನ್ನ ತಂಗಿಯ ಮನೆಗೆ ಹೊರಡುತ್ತಾರಂತೆ. ಒಮ್ಮೆ ಹೋದರೆ ಮತ್ತೆ ಬರುವ ಜಾಯಮಾನ ಅವರದಲ್ಲ.

ಹಾಗಂತ ಕೆಲಸ ನಿಲ್ಲಲಿಲ್ಲ. ಕೆಂಪು ಪೈಪು ಮುಗಿದು, ನೀಲಿಯ ಕೆಳತುದಿ ನೀರಿನ ವಾಲ್ವಿಗೆ ಸೇರಿಯಾಗಿತ್ತು. ಹೇಳಿದಾಗ ತಿರುಗಿಸಲೆಂದು ವಾಲ್ವಿನ ಹತ್ತಿರ ಅಪ್ಪನೇ ಹೋಗಿ ನಿಂತರು. ಇವರು ಅಟ್ಟದಲ್ಲಿ ತೆವಳುತ್ತಾ ಪೈಪು ಎಳೆಯುತ್ತಿದ್ದರು, ನಾನು ಏಣಿಯ ಮೇಲಿಂದ ಸುರುಳಿ ಬಿಚ್ಚಿ ಕೊಡುತ್ತಿದ್ದೆ. ನಿಮ್ಮಪ್ಪನಿಗೆ ಹೇಳು, ನಿನ್ನ ಗಂಡನಿಗೆ ಹೇಳು ಎಂದು ಮಾತು ಮುಟ್ಟಿಸುವುದೂ ನನ್ನ ಪಾಲಿಗೇ ಬಂತು. ಹೇಳಿ ಹೇಳಿ ಬಾಯಿ ಒಣಗಿತು.

ಮೂಲೆಯ ತಿರುವಿನಲ್ಲಿ ಪೈಪು ಬಿಗಿಯಾಯಿತು. ಜಾರೀತೆಂದು ನಾನು ಗಟ್ಟಿಯಾಗಿ ಹಿಡಿದಿದ್ದೆ.

"ಬಿಡೂ" ಎಂದು ಇವರು ಒಳಗಿಂದ ಕೂಗಿದರು.

ನಾನು ಪೈಪು ಬಿಟ್ಟೆ. ಅಪ್ಪ ನೀರು ಬಿಟ್ಟರು.

ಇವರ ಕೈಯಲ್ಲಿದ್ದ ತುದಿಗೆ ಇನ್ನೂ ಜಾಯಿಂಟ್ ಹಾಕಿರಲಿಲ್ಲ. ಅಟ್ಟದಲ್ಲಿ ದಡಬಡ ಸದ್ದಾಯಿತು. ಅಪ್ಪ ವಾಲ್ವ್ ಮುಚ್ಚಿ ಏಣಿಯ ಬುಡಕ್ಕೆ ಓಡಿ ಬರುವಷ್ಟರಲ್ಲಿ ಇವರ ಮುಖ ಕಿಂಡಿಯಲ್ಲಿ ಕಾಣಿಸಿತು. ಅಟ್ಟದ ಧೂಳೆಲ್ಲ ಕೆಸರಾಗಿ ಮೀಸೆಯಿಂದ ಇಳಿಯುತ್ತಿತ್ತು. ನಗು ಬಂತು, ಆದರೆ ಇನ್ನು ಬ್ಯಾಗು ಹೊರಟ ಹಾಗೆಯೇ.

"ನಿಮ್ಮಪ್ಪನಿಗೆ ಹೇಳು, ಬಿಡು ಅಂದಿದ್ದು ನಿನಗೆ. ಅವರಿಗಾದ್ರೆ ಬಿಡಿ ಅಂತಿದ್ದೆ."

ಅಪ್ಪನ ಮುಖ ಚಿಕ್ಕದಾಯಿತು. ಅವರೂ ನನ್ನನ್ನೇ ನೋಡಿ ಹೇಳಿದರು.

"ನನಗೇ ಹೇಳ್ದ ಅಂದ್ಕೊಂಡೆ ಕಣೆ. ಮಗ ಹೇಳಿದ ಹಾಗಿತ್ತು. ಖುಷಿಗೆ ಪೂರ್ತಿ ತಿರುಗಿಸ್ಬಿಟ್ಟೆ."

ಇದನ್ನು ಮೇಲಕ್ಕೆ ಮುಟ್ಟಿಸುವ ಅಗತ್ಯವಿರಲಿಲ್ಲ. ಇವರು ತೊಟ್ಟಿಕ್ಕುತ್ತಲೇ ನನ್ನ ತಲೆಯ ಮೇಲಿಂದ ನೇರ ಕೆಳಗೆ ಬಗ್ಗಿದರು.

"ಹೋಗ್ಲಿ ಬಿಡಿ, ಮಾವ. ಒಂದು ಟವೆಲ್ ಇದ್ರೆ ಕೊಡಿ."

ಅಪ್ಪ ಬಾಗಿಲ ಬಳಿ ಹೋಗಿ, ಬ್ಯಾಗು ಬಿಚ್ಚಿ, ತಮ್ಮ ಟವೆಲ್ ತೆಗೆದರು. ಬ್ಯಾಗಿನ ಜಿಪ್ ಮತ್ತೆ ಎಳೆಯಲಿಲ್ಲ.