ಕೀಲಿ ಹಾಕಿದ ಹೆಗಲು

ಖಟಕ ಚಿಂಚೋಳಿಯ ದರ್ಜಿ ಗುರುನಾಥನ ಕೊರಳೆಲುಬು ಮುರಿದದ್ದು ತೊಗರಿಯಿಂದ. ಗಾಡಿಗಳು ಓಡಾಡಿ ತಾವಾಗಿಯೇ ರಾಶಿ ಆಗಲಿ ಅಂತ ಯಾರೋ ಪುಣ್ಯಾತ್ಮರು ಭಾಲ್ಕಿ ರಸ್ತೆಯ ತುಂಬ ತೊಗರಿ ಕಟ್ಟಿಗೆ ಹರವಿದ್ದರು. ಗುರುನಾಥನ ಸ್ಕೂಟಿ ಅದರ ಮೇಲೆ ಹತ್ತಿತು, ಗುರುನಾಥ ಇಳಿದ. ಕಾಳು ಎಷ್ಟು ಉದುರಿತೋ ದೇವರಿಗೇ ಗೊತ್ತು, ಎಡ ಹೆಗಲಿನ ಮುಂದಿನ ಆ ಎಲುಬು ಮಾತ್ರ ಎರಡು ತುಂಡಾಯಿತು.

ಭಾಲ್ಕಿಯವರು ಎಕ್ಸ್‌ರೇ ತೆಗೆದು ಬೀದರಿಗೆ ಕಳಿಸಿದರು. ಅಲ್ಲಿ ಒವೈಸ ಡಾಕ್ಟರು ನೋಡಿ, ತುಂಡುಗಳು ಒಂದರ ಮೇಲೊಂದು ಏರಿವೆ, ಕೈಗೆ ಬರೀ ಜೋಳಿಗೆ ಕಟ್ಟಿದರೆ ಸೊಟ್ಟ ಕೂಡುತ್ತದೆ, ಆಪರೇಷನ್ ಮಾಡೋಣ ಎಂದರು. ಗುರುನಾಥ ನೋವಿನ ಮಾತೇ ಎತ್ತಲಿಲ್ಲ.

"ಐದು ವಾರಕ್ಕ ನಮ್ಮೂರಾಗ ಸಪ್ತಾಹ ಅದರಿ. ವೀಣಾ ಹಿಡೀಲಿಕ್ಕ ಬರ್ತದೇನ್ರಿ?"

ಮಾಘದಲ್ಲಿ ಅವರ ವಿಠ್ಠಲ ಮಂದಿರದಲ್ಲಿ ಏಳು ದಿನ ಹಗಲೂ ರಾತ್ರಿ ನಾಮಸ್ಮರಣೆ. ಒಬ್ಬ ವೀಣೆಯ, ಅಂದರೆ ತಂಬೂರಿಯಂಥ ವಾದ್ಯದ, ಪಟ್ಟಿಯನ್ನು ಕೊರಳಿಗೆ ಹಾಕಿಕೊಂಡು ನಿಂತಿರಬೇಕು. ವೀಣೆ ನೆಲ ಮುಟ್ಟಬಾರದು, ಹಿಡಿದವನ ಬಾಯಲ್ಲಿ ನಾಮ ಬಿಟ್ಟು ಬೇರೆ ಮಾತು ಬರಬಾರದು. ಎರಡು ತಾಸಿಗೊಮ್ಮೆ ಪಹರೆ ಬದಲಾಗುತ್ತದೆ. ಆಗ ಕೊಡುವವನು, ತೆಗೆದುಕೊಳ್ಳುವವನು ಒಬ್ಬರ ಕಾಲಿಗೊಬ್ಬರು ಬಿದ್ದು ಅಪ್ಪಿಕೊಳ್ಳಬೇಕು. ಕೊನೆಯ ದಿನ ಬೆಳಿಗ್ಗೆ ಹತ್ತರಿಂದ ಹನ್ನೆರಡು ಗುರುನಾಥನ ಪಹರೆ. ಹನ್ನೆರಡರದು ಅವನ ತಮ್ಮ ಮಾಣಿಕನದು. ಅಪ್ಪ ಹಾಕಿಕೊಟ್ಟ ಪಾಳಿ ಅದು.

ಆ ತಮ್ಮ ಮಾತು ಬಿಟ್ಟು ಎಂಟು ವರ್ಷವಾಗಿತ್ತು. ಅವ್ವನ ಹದಿಮೂರನೇ ದಿನದ ಪಂಕ್ತಿಯಲ್ಲಿ, ನಾಲ್ಕು ಮಂದಿಯ ಎದುರು, ಗುರುನಾಥನೇ ಅಂದುಬಿಟ್ಟಿದ್ದ: ನೀ ಅವ್ವಗ ಒಂದು ದಿನ ನೀರು ಕೊಟ್ಟವನೇನು? ಮಾಣಿಕ ತುತ್ತು ಬಿಟ್ಟು ಎದ್ದ. ಆ ವರ್ಷವೇ ಔರಾದ ಕಡೆಯ ಠಾಣಾ ಕುಶನೂರಿಗೆ, ಹೆಂಡತಿಯ ಊರಿಗೆ, ಹೋಗಿಬಿಟ್ಟ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ತಪ್ಪು ತನ್ನದೆಂದು ಗುರುನಾಥನಿಗೆ ಅಂದು ಸಂಜೆಯೇ ಗೊತ್ತಾಗಿತ್ತು. ಆದರೆ ಹಿರಿತನದ ಮೂಗು ಬಗ್ಗಬೇಕಲ್ಲ!

ಮಾಣಿಕ ವರ್ಷಕ್ಕೊಮ್ಮೆ ಬರುತ್ತಿದ್ದ, ಪಹರೆ ಮುಗಿಸಿ ಮನೆಗೂ ಬಾರದೆ ಬಸ್ಸು ಹತ್ತುತ್ತಿದ್ದ. ಆ ಒಂದು ಅಪ್ಪುಗೆಯಲ್ಲಿ ಅವನ ತಲೆಯಿಂದ ಅವ್ವ ಹಚ್ಚುತ್ತಿದ್ದ ಎಣ್ಣೆಯದೇ ವಾಸನೆ ಬರುತ್ತಿತ್ತು. ವರ್ಷವಿಡೀ ಗುರುನಾಥ ಅಷ್ಟಕ್ಕೇ ಕಾಯುತ್ತಿದ್ದ. ತಮ್ಮ ಬೇಕಾಗಿದ್ದ ಅವನಿಗೆ, ಬೇರೇನೂ ಅಲ್ಲ.

ಡಾಕ್ಟರು ಯೋಚಿಸಿದರು. ಉದ್ದಕ್ಕೆ ಕೊಯ್ದು ಪ್ಲೇಟು ಕೂರಿಸಿದರೆ ಅದು ಚರ್ಮದ ಕೆಳಗೇ ಇರುತ್ತದೆ, ವೀಣೆಯ ಪಟ್ಟಿ ಅದಕ್ಕೇ ತಿಕ್ಕುತ್ತದೆ. ಅದರ ಬದಲು ಕೊರಳ ಬುಡದಲ್ಲಿ ಬೆರಳಗಲ ಕೊಯ್ದು, ಪರದೆಯ ಮೇಲೆ ನೋಡುತ್ತ, ಬಾಗುವಂಥ ಸಣ್ಣ ಮೊಳೆಯೊಂದನ್ನು ಎಲುಬಿನ ಒಳಗೇ ತೂರಿಸಬಹುದು. ಮೊಳೆಗೆ ಅವರ ಮನೆಮಾತು ಉರ್ದುವಿನಲ್ಲಿ ಕೀಲ್. ಬಾಯಿಗೆ ಅದೇ ಬಂತು.

"ಒಳಗ ಒಂದು ಕೀಲ್ ಹಾಕ್ತೇವ್ರಿ, ವರ್ಷ ಆದಮ್ಯಾಲ ತೆಗೀತೇವಿ."

ಗುರುನಾಥನ ಹೆಂಡತಿ ಕಾವೇರಿಬಾಯಿಗೆ ಅದು ಕೀಲಿ ಎಂದು ಕೇಳಿತು, ಕೀಲಿ ಎಂದರೆ ಆಕೆಗೆ ಬಾಗಿಲಿಗೆ ಹಾಕುವ ಬೀಗ. ಗಾಬರಿಯಿಂದ ಕೇಳಿದಳು:

"ಕೀಲಿಕೈ ಯಾರ ಬಲ್ಲಿ ಇರ್ತದ್ರಿ?"

ನರ್ಸಮ್ಮಂದಿರು ನಕ್ಕರು. ಡಾಕ್ಟರು ಮಾತ್ರ ನಗದೆ ಚಿತ್ರ ಬರೆದು ತಿಳಿಸಿದರು. ಆದರೇನು, ಅಷ್ಟರಲ್ಲಿ ಆಕೆ ಊರಿಗೆ ಫೋನು ಮಾಡಿಯಾಗಿತ್ತು. ದರ್ಜಿಯ ಹೆಗಲಿಗೆ ಕೀಲಿ ಜಡಿದಾರಂತೆ ಎಂಬ ಸುದ್ದಿ ಬಸ್ಸು ಹತ್ತಿ ಕುಶನೂರಿನವರೆಗೂ ಹೋಯಿತು.

ಆಪರೇಷನ್ ಆಗಿ ಮೂರನೇ ದಿನಕ್ಕೆ ಮನೆ. ಗಾಯ ಅಂಗಿಯ ಗುಂಡಿಯಷ್ಟು. ಗುರುನಾಥ ಹೊಲಿಗೆ ಯಂತ್ರದ ಮುಂದೆ ಸುಮ್ಮನೆ ಕೂತು ದಿನ ಎಣಿಸಿದ. ಒಂದೊಂದು ಸಲ ಬಲಗೈಯಿಂದ ಆ ಗುರುತು ಮುಟ್ಟಿ, ಕೂಡೋ ಮಾರಾಯ, ಲಗೂನ ಕೂಡೋ ಎಂದು ಎಲುಬಿಗೇ ಹೇಳುತ್ತಿದ್ದ. ಐದನೇ ವಾರ ಡಾಕ್ಟರು ಹೊಸ ಎಕ್ಸ್‌ರೇ ನೋಡಿ, ಎಲುಬು ಹಿಡಿಯುತ್ತಿದೆ, ಆದರೆ ಎರಡು ತಾಸು ಬೇಡ, ಅರ್ಧ ತಾಸು ಸಾಕು ಎಂದರು. ಮಂದಿರದ ಹಿರಿಯ ಮಡೆಪ್ಪ, ಮೊದಲ ಅರ್ಧ ತಾಸು ನಿಲ್ಲು, ಉಳಿದದ್ದು ನನಗಿರಲಿ ಎಂದ. ಗುರುನಾಥ ಒಪ್ಪಲಿಲ್ಲ, ಕೊನೆಯ ಅರ್ಧ ತಾಸೇ ಬೇಕೆಂದು ಹಟ ಹಿಡಿದ. ಎಂಥ ಭಕ್ತಿ ಎಂದಿತು ಊರು. ಅದು ಎಂಥ ಭಕ್ತಿ ಅಂತ ಕಾವೇರಿಬಾಯಿಗೆ ಗೊತ್ತಿತ್ತು.

ಹನ್ನೊಂದೂವರೆಗೆ ವೀಣೆ ಅವನ ಕೊರಳಿಗೆ ಬಂತು. ರಾಮಕೃಷ್ಣ ಹರಿ, ರಾಮಕೃಷ್ಣ ಹರಿ. ಕಣ್ಣು ಬಾಗಿಲಲ್ಲೇ ಇತ್ತು. ಮಾಣಿಕ ಎಂದೂ ಗಳಿಗೆಗೆ ಸರಿಯಾಗಿ ಬರುವವನು ಅಂದು ಕಾಲು ತಾಸು ಮೊದಲೇ ಬಂದ. ಬಂದವನು ದೂರ ನಿಲ್ಲದೆ ಅಣ್ಣನ ಎಡಮಗ್ಗುಲಿಗೆ ಬಂದು, ಎರಡು ಬೆರಳಿನಿಂದ ಪಟ್ಟಿಯನ್ನು ಎಲುಬಿನ ಮೇಲಿಂದ ತುಸು ಎತ್ತಿ ಹಿಡಿದ.

"ಕೀಲಿ ಹಾಕ್ಯಾರಂತಲ್ಲ," ಎಂದ ಮೆಲ್ಲಗೆ. "ಭಾಳ ನೋಯ್ತದೇನು ಅಣ್ಣಾ?"

ಎಂಟು ವರ್ಷದ ಮೇಲೆ ಬಂದ ಮಾತು, ಅದೂ ವೀಣೆ ಕೊರಳಲ್ಲಿದ್ದಾಗ! ಉತ್ತರ ಕೊಡುವ ಹಾಗಿಲ್ಲ. ಗುರುನಾಥನ ಬಾಯಿ ನಾಮ ಹೇಳುತ್ತಿತ್ತು, ಕಣ್ಣೀರು ಗಡ್ಡಕ್ಕೆ ಇಳಿಯುತ್ತಿತ್ತು. ಹನ್ನೆರಡರ ತನಕ ಮಾಣಿಕ ಬೆರಳು ತೆಗೆಯಲಿಲ್ಲ.

ಹನ್ನೆರಡಾಯಿತು. ವೀಣೆ ತಮ್ಮನ ಕೊರಳಿಗೆ ಹೋಯಿತು, ನಾಮ ತಮ್ಮನ ಬಾಯಿಗೆ. ಒಬ್ಬರ ಕಾಲಿಗೊಬ್ಬರು ಬಿದ್ದರು. ಅಪ್ಪಿಕೊಂಡಾಗ ಗುರುನಾಥ ಅವನ ಕಿವಿಯಲ್ಲಿ ಹೇಳಿದ:

"ನೋಯ್ತದೋ ಮಾಣಿಕ. ಎಂಟು ವರ್ಷಾತು. ತಪ್ಪು ನಂದೇ."

ಈಗ ಮಾಣಿಕ ಮಾತಾಡುವ ಹಾಗಿಲ್ಲ. ನಾಮ ಒಮ್ಮೆ ತಡವರಿಸಿ ಮತ್ತೆ ಹಿಡಿಯಿತು.

ಊಟಕ್ಕೆ ಏಳಿ ಎಂದು ಕಾವೇರಿಬಾಯಿ ಎರಡು ಸಲ ಬಂದು ಕರೆದಳು. ಗುರುನಾಥ ಕಂಬಕ್ಕೆ ಆತು ಕೂತವನು ಅಲ್ಲಾಡಲಿಲ್ಲ.

"ಎರಡಕ್ಕ ಅವನ ಪಹರಿ ಮುಗೀತದ," ಎಂದ. "ಇಬ್ಬರಿಗೂ ಕೂಡೇ ಬಡಸು."