ಗಾಂಭೀರ್ಯದ ಪುಟ

ನಾಲಗೆಗೆ ನುಡಿಯನ್ನಿತ್ತು, ಆ ನುಡಿಗೆ ಸಾಕ್ಷಿಯಾಗಿ ಎದೆಯೊಳಗೆ ಕುಳಿತ ಪರಮೇಶ್ವರನೇ, ನಿನಗೆ ನಮಸ್ಕಾರ. ನುಡಿಯಲ್ಲಿ ತಪ್ಪಿದವರೊಬ್ಬರ ಕತೆಯನ್ನು ಹೇಳಹೊರಟಿದ್ದೇನೆ. ಹೇಳುವಲ್ಲಿ ನಾನು ತಪ್ಪದಂತೆ ಕಾಪಾಡು.

ಹುಮನಾಬಾದಿನ ಕಲ್ಲಿನಾಥ ಪಂಡಿತರು ಮೂವತ್ತು ವರ್ಷಗಳಿಂದ ಒಂದು ಸಮಾನಾರ್ಥಕ ಪದಕೋಶವನ್ನು ಕಟ್ಟುತ್ತಿದ್ದರು. ಮುಂಜಾನೆ ಮಾಣಿಕನಗರಕ್ಕೆ ನಡೆದುಹೋಗಿ ಅಲ್ಲಿನ ಮಠದಲ್ಲಿ ಪ್ರಭುವಿನ ದರ್ಶನ ಪಡೆದು ಬಂದ ಮೇಲೆಯೇ ಲೇಖನಿ ಹಿಡಿಯುವುದು ಅವರ ವ್ರತ. ಕೋಶವನ್ನು ಅಚ್ಚುಹಾಕಿಸಲು ಒಪ್ಪಿದ್ದು ಬಸವಕಲ್ಯಾಣದ ಒಂದು ವಿದ್ಯಾಸಂಸ್ಥೆ. ಅದರ ಅಧ್ಯಕ್ಷರು ಬಸವಣಪ್ಪ. ಕರಡು ತಿದ್ದಲು ಒಪ್ಪಿದವಳು ಅದೇ ಸಂಸ್ಥೆಯ ಪ್ರೌಢಶಾಲೆಯ ಕನ್ನಡ ಶಿಕ್ಷಕಿ ಸುಮೇಧಾ.

ಪ್ರತಿ ಭಾನುವಾರ ಆಕೆ ಕಲ್ಯಾಣದಿಂದ ಬಸ್ಸಿನಲ್ಲಿ ಬರುವಳು. ನಮಸ್ಕರಿಸುವಳು, ಕೆಂಪು ಪೆನ್ನು ತೆಗೆಯುವಳು, ಹಾಳೆ ಬಿಚ್ಚುವಳು. ಹರಟೆಯಿಲ್ಲ, ಹೊಗಳಿಕೆಯಿಲ್ಲ. ನಾಲ್ಕರ ಬಸ್ಸಿಗೆ ಹೊರಟುಬಿಡುವಳು. ಒಂಬೈನೂರು ಪುಟಗಳ ಹಸ್ತಪ್ರತಿಯನ್ನು ಹೀಗೆ ಓದಿದ್ದಳು. ಪಂಡಿತರ ಒಂದೊಂದು ಅಕ್ಷರದ ತಿರುವೂ ಆಕೆಗೆ ಗೊತ್ತಿತ್ತು.

ಆ ವರ್ಷ ಶಾಲೆಯ ಮುಖ್ಯೋಪಾಧ್ಯಾಯರ ಸ್ಥಾನ ತೆರವಾಯಿತು. ಅರ್ಹರು ಇಬ್ಬರು: ಹದಿನಾಲ್ಕು ವರ್ಷ ಕಲಿಸಿದ ಸುಮೇಧಾ, ಆಕೆಗಿಂತ ಎರಡು ವರ್ಷ ಕಿರಿಯನಾದ ಗಣಿತದ ಓಂಪ್ರಕಾಶ. ಇಬ್ಬರ ಪಾಠವನ್ನೂ ಕುಳಿತು ನೋಡಿ ನಡತೆಯ ವರದಿ ಬರೆದುಕೊಡುವಂತೆ ಅಧ್ಯಕ್ಷರು ಪಂಡಿತರನ್ನು ಕೇಳಿಕೊಂಡರು.

ಪಂಡಿತರು ಎರಡು ದಿನ ಕುಳಿತರು. ಓಂಪ್ರಕಾಶನ ತರಗತಿಯ ಬಾಗಿಲಿಗೆ ಬಸವಣಪ್ಪನವರು ಬಂದಾಗ ಆತ, “ಹತ್ತು ನಿಮಿಷ ನಿಂದರ್ರಿ, ಲೆಕ್ಕ ಮುಗಸ್ತೀನಿ” ಎಂದ. ಮರುದಿನ ಸುಮೇಧಾಳೂ ಅದನ್ನೇ ಮಾಡಿದಳು. ಒಳಗೆ ಒಂದು ಖುರ್ಚಿ ಹಾಕಿಸಿ, “ಕೂಡ್ರಿ, ಪಾಠ ಮುಗಸಿ ಮಾತಾಡ್ತೀನ್ರಿ” ಎಂದಳು. ಪಂಡಿತರು ಇಬ್ಬರ ಹೆಸರಿನ ಮುಂದೆಯೂ ಒಂದೇ ಸಾಲು ಬರೆದರು: ಗಂಭೀರ ಸ್ವಭಾವ, ಮಿತಭಾಷೆ, ಕಾರ್ಯನಿಷ್ಠೆ.

ಬಸವಣಪ್ಪ ಓದಿ ನಕ್ಕರು. “ಏನ್ರಿ ಪಂಡಿತ್ರೇ, ಇಬ್ಬರಿಗೂ ಒಂದೇ ಮಾತು? ನಿಮ್ಮ ಬಲ್ಲಿ ಶಬ್ದ ಖಾಲಿ ಆದ್ವೇನು?”

“ಇಬ್ಬರದೂ ನಡತಿ ಒಂದೇ ಅದರಿ.”

“ಹ್ಯಾಂಗ ಒಂದೇ? ಓಂಪ್ರಕಾಶ ನನಗ ನಿಂದರಿಸಿದ, ಖರೆ. ಕೆಲಸದ ಮನಷ್ಯಾ ಅಂವ. ಆ ಬುದ್ಧ ವಿಹಾರದ ಓಣಿಯಾಕಿ ನನಗ ಕಾಯಸ್ತಾಳಂದ್ರ ಅದಕ್ಕ ಸೊಕ್ಕು ಅಂತಾರ. ಮಾರಿ ಮ್ಯಾಲ ನಗಿ ಸುದ್ದಾ ಇಲ್ಲ ಆಕಿಗಿ.”

ಪಂಡಿತರು ವರದಿಯನ್ನು ಹಿಂದಕ್ಕೆ ತೆಗೆದುಕೊಂಡರು.

“ಶ್ರಾವಣದಾಗ ನಿಮ್ಮ ಪುಸ್ತಕ ಹೊರಗ ಬರಬೇಕಲ್ರಿ? ಪ್ರೆಸ್ಸಿನವಗ ಹೇಳಾವ ನಾನೇ ನೋಡ್ರಿ.”

ಸೊಕ್ಕು ಎಂಬುದು ಬರವಣಿಗೆಗೆ ಒಗ್ಗದ ಮಾತೆಂದು ಪಂಡಿತರಿಗೆ ತೋರಿತು. ಹೊಸ ಹಾಳೆಯಲ್ಲಿ ಓಂಪ್ರಕಾಶನ ಸಾಲನ್ನು ಹಾಗೆಯೇ ಇಳಿಸಿ, ಸುಮೇಧಾಳ ಹೆಸರಿನ ಮುಂದೆ “ನಿಷ್ಠುರೆ, ವಿನಯದ ಕೊರತೆಯುಂಟು” ಎಂದು ಬರೆದರು. ಮೂವತ್ತು ವರ್ಷ ಪದಗಳನ್ನು ತೂಗಿದ ಕೈ ಅದು. ಅಕ್ಷರಗಳು ಎಂದಿನಂತೆ ದುಂಡಗೇ ಇದ್ದವು.

ಓಂಪ್ರಕಾಶ ಮುಖ್ಯೋಪಾಧ್ಯಾಯನಾದ. ನಿಯಮದಂತೆ ವರದಿಯ ನೆರಳಚ್ಚು ಪ್ರತಿ ಇಬ್ಬರಿಗೂ ಹೋಯಿತು. ಬರೆದವರ ಸಹಿ ಇರಲಿಲ್ಲ. ಸುಮೇಧಾಳಿಗೆ ಅದು ಬೇಕಾಗಿಯೂ ಇರಲಿಲ್ಲ.

ಆ ಭಾನುವಾರ ಆಕೆ ಬರಲಾರಳೆಂದು ಪಂಡಿತರು ಎಣಿಸಿದ್ದರು. ಬರದಿದ್ದರೆ ಲೇಸೆಂದು ಆಶಿಸಿಯೂ ಇದ್ದರು. ಆಕೆ ಎಂದಿನ ಬಸ್ಸಿಗೇ ಬಂದಳು. ಕೊನೆಯ ಕರಡಿನ ಕಟ್ಟನ್ನು ಮೇಜಿನ ಮೇಲಿಟ್ಟು ಒಂದು ಹಾಳೆ ತೆಗೆದಳು.

“ಇನ್ನೂರಾ ಹನ್ನೆರಡನೇ ಪುಟ ನೋಡ್ರಿ ಸರ್. ಗಾಂಭೀರ್ಯ. ಗುಣ್ಪು, ಧೃತಿ, ಸ್ಥೈರ್ಯ, ಸಂಯಮ, ಮಿತಭಾಷೆ, ಕಾರ್ಯನಿಷ್ಠೆ… ಒಟ್ಟು ನಲವತ್ತೊಂದು ಪದ ಅದಾವ. ಎರಡರಾಗ ಅಚ್ಚಿನ ತಪ್ಪಿತ್ತು, ತಿದ್ದೀನಿ.”

ಪಂಡಿತರು ಹಾಳೆಯಿಂದ ಕಣ್ಣೆತ್ತಲಿಲ್ಲ. “ಮುನ್ನುಡ್ಯಾಗ ನಿನ್ನ ಹೆಸರು ಬರೀತೀನಿ ತಾಯಿ. ಎಲ್ಲಾರಕಿಂತ ಮೊದಲು.”

“ಹೆಸರಿನ ಮುಂದ ಏನಂತ ಬರೀತೀರ್ರಿ?”

ಪಂಡಿತರು ಕರಡಿನ ಕಟ್ಟನ್ನು ತಮ್ಮತ್ತ ಎಳೆದುಕೊಂಡರು.

“ಈ ನಲವತ್ತೊಂದರಾಗಿಂದು ಬರದ್ರ ಅಧ್ಯಕ್ಷರು ಕೇಳ್ತಾರ. ನಿಷ್ಠುರೆ ಅಂತ ಬರದ್ರ, ಇಂಥಾಕಿ ಕಡಿಂದ ಯಾಕ ತಿದ್ದಿಸಿದ್ರಿ ಅಂತ ಓದವ್ರು ಕೇಳ್ತಾರ. ಬ್ಯಾಡ್ರಿ ಸರ್. ನನ್ನ ಹೆಸರು ಬಿಟ್ಟುಬಿಡ್ರಿ.”

“ಸಿಟ್ಟು ಬಂದದೇನವ್ವಾ?”

“ಬಂದದ್ರಿ. ಆದ್ರ ಹಿಡದ ಕೆಲಸ ಮುಗಸಬೇಕಿತ್ತು.” ಆಕೆ ಪೆನ್ನಿಗೆ ಮುಚ್ಚಳ ಹಾಕಿದಳು, ಗಡಿಯಾರ ನೋಡಿದಳು. “ನಾಲ್ಕರ ಬಸ್ ಅದ. ಹೋಗ್ತೀನ್ರಿ.”

ಬರ್ತೀನಿ ಎಂದು ಹೇಳಲಿಲ್ಲ. ಬರಲೂ ಇಲ್ಲ.

ಶ್ರಾವಣದಲ್ಲಿ ಗ್ರಂಥ ಬಿಡುಗಡೆಯಾಯಿತು. ಮುಖ್ಯೋಪಾಧ್ಯಾಯ ಓಂಪ್ರಕಾಶ ಸ್ವಾಗತ ಕೋರಿದ. ಬಸವಣಪ್ಪ ಶಾಲು ಹೊದಿಸಿ, “ಮಾತು ತೂಗಿ ಬರೆಯುವವರು ಇಂಥವರು ಇನ್ನೊಬ್ಬರಿಲ್ಲ” ಎಂದು ವೇದಿಕೆಯ ಕನ್ನಡದಲ್ಲಿ ಸಾರಿದರು. ಪಂಡಿತರು ಗ್ರಂಥದ ಕೊನೆಯ ಪುಟಗಳನ್ನು ಮಗುಚಿದರು. ತಪ್ಪುಗಳ ಪಟ್ಟಿ ಅಂಟಿಸುವ ಅಗತ್ಯವೇ ಬಿದ್ದಿರಲಿಲ್ಲ. ಒಂಬೈನೂರು ಪುಟಗಳಲ್ಲಿ ಆಕೆ ಒಂದನ್ನೂ ಉಳಿಸಿರಲಿಲ್ಲ. ಉಳಿದ ಒಂದು ತಪ್ಪು ಶಾಲೆಯ ಕಡತದಲ್ಲಿತ್ತು, ಅವರದೇ ದುಂಡಗಿನ ಅಕ್ಷರದಲ್ಲಿ. ಅದನ್ನು ತಿದ್ದಬೇಕಾದ ಕೈ ಶಾಲಿನ ಅಂಚನ್ನು ಸರಿಪಡಿಸಿಕೊಳ್ಳುತ್ತಿತ್ತು.

ಈ ಕತೆಯನ್ನು ಕೇಳಿದವರಿಗೂ ಓದಿದವರಿಗೂ ಒಳಿತಾಗಲಿ. ಯೋಗ್ಯರನ್ನು ಕಂಡಾಗ ಅವರಿಗೆ ಸಲ್ಲುವ ಮಾತು ನಿಮ್ಮ ನಾಲಗೆಗೆ ತಡವಿಲ್ಲದೆ ಬರಲಿ. ಬಂದ ಮಾತನ್ನು ನುಂಗದಿರುವ ಧೈರ್ಯವನ್ನು ಭಗವಂತ ನಿಮಗೆಲ್ಲ ಕರುಣಿಸಲಿ.